ಕೇರಿಯ ಮಗು ಯಾಕೆ ಕುಳ್ಳಾಯಿತು?

(ತಾಲ್ಲೂಕು ಕೇಂದ್ರದ ವಿದ್ಯಾರ್ಥಿನಿಲಯವೊಂದರಲ್ಲಿ ನಡೆದ ಒಂದು ದಿನದ ಕಮ್ಮಟದಲ್ಲಿ ಆಡಿದ ಮಾತು. ಗೆಳೆಯರು ಬರೆದುಕೊಂಡದ್ದನ್ನು ಅಲ್ಪಸ್ವಲ್ಪ ತಿದ್ದಿ ಕೊಟ್ಟಿದ್ದೇನೆ.)



ಊಟದ ಗಂಟೆ ಹೊಡೆಯೋದಕ್ಕೆ ಇನ್ನು ಮುಕ್ಕಾಲು ಗಂಟೆ ಇದೆ. ಅಡುಗೆಮನೆ ಕಡೆಯಿಂದ ಒಗ್ಗರಣೆ ವಾಸನೆ ಬರ್ತಾ ಇದೆ. ಇಂಥ ಹೊತ್ತಲ್ಲಿ ಭಾಷಣಕ್ಕೆ ನಿಂತವನು ನಿಮ್ಮ ಕೈಲಿ ಬೈಸಿಕೊಳ್ಳೋದು ಖಂಡಿತ. ಆದರೂ ಈ ಹೊತ್ತನ್ನೇ ನಾನು ಕೇಳಿ ಪಡೆದುಕೊಂಡೆ. ಯಾಕಂದ್ರೆ ನಾನು ಮಾತಾಡಬೇಕಾಗಿರೋದು ಹಸಿವಿನ ಬಗ್ಗೆ. ಅದರಲ್ಲೂ ನಮ್ಮ ಕೇರಿಯ ಎಳೆಯ ಮಕ್ಕಳ ಹಸಿವಿನ ಬಗ್ಗೆ. ಹೊಟ್ಟೆ ತುಂಬಿದವನಿಗೆ ಆ ಮಾತು ಕಿವಿಗೆ ಬೀಳುತ್ತೆ, ಒಳಗೆ ಇಳಿಯೋದಿಲ್ಲ.

ಅಧ್ಯಕ್ಷರು ನನ್ನನ್ನ ಹಸಿವಿನ ಬಗ್ಗೆ ಬರೆಯೋ ಕವಿ ಅಂತ ಪರಿಚಯ ಮಾಡಿಕೊಟ್ಟರು. ಆಗ ನಾನು ತಲೆ ತಗ್ಗಿಸಿದ್ದು ವಿನಯದಿಂದ ಅಲ್ಲ, ನಾಚಿಕೆಯಿಂದ. ಯಾಕೆ ನಾಚಿಕೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ.

ನನಗಿಂತ ನಾಲ್ಕು ವರ್ಷ ಚಿಕ್ಕವಳು ನನ್ನ ತಂಗಿ. ನಾನು ಐದನೇ ಕ್ಲಾಸಿಗೆ ಹಾಸ್ಟೆಲ್ ಸೇರಿದೆ. ಅವಳು ಊರಲ್ಲೇ ಉಳಿದಳು. ಹಾಸ್ಟೆಲಿನಲ್ಲಿ ವಾರಕ್ಕೊಂದು ಬೇಯಿಸಿದ ಮೊಟ್ಟೆ ಕೊಡೋರು. ಊರಿನ ಶಾಲೆಯಲ್ಲಿ ಆಗ ಅನ್ನ ಸಾರು ಇತ್ತು, ಮೊಟ್ಟೆ ಇರಲಿಲ್ಲ. ಒಂದು ಸಲ ಶನಿವಾರ ಊರಿಗೆ ಹೋಗುವಾಗ ಆ ಮೊಟ್ಟೆ ತಿನ್ನದೆ ಚಡ್ಡಿ ಜೇಬಲ್ಲಿ ಇಟ್ಟುಕೊಂಡು ಹೊರಟೆ. ಬಸ್ಸಿನ ನೂಕಾಟದಲ್ಲಿ ಅದು ಅಪ್ಪಚ್ಚಿ ಆಯ್ತು. ಜೇಬು ಒಳಮಗ್ಗಲು ಮಾಡಿ ಕೊಟ್ಟೆ. ನನ್ನ ತಂಗಿ ಸಿಪ್ಪೆಚೂರು ಆರಿಸಿ ಆರಿಸಿ ಉಗುಳ್ತಾ ತಿಂದಳು. ಇದನ್ನ ನಾನು ಪದ್ಯ ಮಾಡಿದ್ದೀನಿ. ಸಭೆಗಳಲ್ಲಿ ಓದಿ ಚಪ್ಪಾಳೆ ತಗೊಂಡಿದ್ದೀನಿ.

ಆ ತಂಗಿಗೆ ಈಗ ಒಂದೂವರೆ ವರ್ಷದ ಮಗಳಿದ್ದಾಳೆ. ಹೋದ ದಸರೆಯಲ್ಲಿ ಊರಿಗೆ ಹೋಗಿದ್ದಾಗ ಮಗುವನ್ನ ಎತ್ತಿಕೊಂಡು ಅಂಗನವಾಡಿಗೆ ಹೋದೆ. ಅಲ್ಲಿನ ಅಕ್ಕ ಒಂದು ಪಟ್ಟಿ ತೆಗೆದು ಮಗುವಿನ ಎಡತೋಳಿಗೆ ಸುತ್ತಿದರು. ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಅದು. ಹನ್ನೆರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ರೆ ಹಳದಿ, ಹನ್ನೊಂದೂವರೆಗಿಂತ ಕಡಿಮೆ ಆದ್ರೆ ಕೆಂಪು. ನಮ್ಮ ಮಗುವಿನದು ಹಳದಿಗೆ ಬಂತು, ಕೆಂಪಿನ ಪಕ್ಕಕ್ಕೇ. ಎರಡು ದಿನದಿಂದ ಆ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಆಡಿಸ್ತಾ ಇದ್ದೆ. ‘ಹಗುರವಾಗಿದ್ದಾಳೆ, ಹಕ್ಕಿ ಇದ್ದಂಗೆ’ ಅಂತ ಮುದ್ದು ಮಾಡ್ತಾ ಇದ್ದೆ. ಹಸಿವಿನ ಮೇಲೆ ಹನ್ನೊಂದು ಪದ್ಯ ಬರೆದವನಿಗೆ ಸ್ವಂತ ಮನೆಯ ಹಸಿವು ಕಾಣಲಿಲ್ಲ. ಅದು ಕಂಡದ್ದು ಒಂದು ಪ್ಲಾಸ್ಟಿಕ್ ಪಟ್ಟಿಗೆ.

ಅವ್ವನಿಗೆ ಹೇಳಿದೆ. ಅವ್ವ ಏನಂದಳು ಗೊತ್ತಾ? ‘ನಮ್ಮ ಮಕ್ಕಳೇ ಹಂಗೆ ಕಣಪ್ಪ, ನಮ್ಮದು ಕುಳ್ಳ ಮೈಕಟ್ಟು. ನೀನೂ ಹಂಗೇ ಇದ್ದೆ.’

ಗೆಳೆಯರೇ, ನಾನಿವತ್ತು ಜಗಳ ತೆಗೆಯೋಕೆ ಬಂದಿರೋದು ಈ ಮಾತಿನ ಮೇಲೆ. ‘ನಮ್ಮ ಮಕ್ಕಳೇ ಹಂಗೆ.’ ಸಾವಿರಾರು ವರ್ಷ ನಮ್ಮನ್ನ ತುಳಿದವರು ಹೇಳಿಕೊಟ್ಟ ಮಾತಿದು. ಬಡತನ ನಿಮ್ಮ ಕರ್ಮ ಅಂದರು, ಒಪ್ಪಿದೆವು. ಕೊಳಕು ನಿಮ್ಮ ಹುಟ್ಟುಗುಣ ಅಂದರು, ಒಪ್ಪಿದೆವು. ಈಗ ಆ ಎರಡೂ ಮಾತನ್ನ ಅಷ್ಟೋ ಇಷ್ಟೋ ಕೊಡವಿಕೊಂಡಿದ್ದೀವಿ. ಆದರೆ ಮೂರು ವರ್ಷದ ಮಗು ಎರಡು ವರ್ಷದ್ದರ ಹಾಗೆ ಕಂಡರೆ ಅದು ನಮ್ಮ ರಕ್ತ, ನಮ್ಮ ಬೀಜ ಅಂತ ಈಗಲೂ ಅಂದುಕೊಳ್ತೀವಿ.

ಅದು ಸುಳ್ಳು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನ ವಿಶ್ವ ಆರೋಗ್ಯ ಸಂಸ್ಥೆ ವರ್ಷಗಟ್ಟಲೆ ಅಳೆಯಿತು. ಚೆನ್ನಾಗಿ ಹಾಲೂಡಿದ, ಹೊಟ್ಟೆಗೆ ಕಮ್ಮಿಯಿಲ್ಲದ, ಶುಚಿಯಾದ ಮನೆಗಳ ಮಕ್ಕಳು ಅವರು. ಕಂಡದ್ದೇನು? ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹತ್ತಿರ ಹತ್ತಿರ ಒಂದೇ ಸಮ ಬೆಳೀತಾರೆ. ಕರಿಯರ ಮಗು, ಬಿಳಿಯರ ಮಗು, ನಮ್ಮ ದಿಲ್ಲಿಯ ಮಗು ಎಲ್ಲ ಒಂದೇ. 2006ರಲ್ಲಿ ಹೊರಬಂದ ಅದೇ ಬೆಳವಣಿಗೆಯ ಅಳತೆ ಇವತ್ತು ನಮ್ಮ ಅಂಗನವಾಡಿಯ ಗೋಡೆ ಮೇಲೂ ಇದೆ. ಅಂದಮೇಲೆ ಕೇರಿಯ ಮಗು ಕುಳ್ಳಾಗಿದ್ರೆ ಅದು ಜಾತಿಗುಣ ಅಲ್ಲ. ಆ ಮಗುವಿಗೆ ಸೇರಬೇಕಾದ್ದು ಸೇರಲಿಲ್ಲ ಅಂತ ಅರ್ಥ.

ಎಷ್ಟು ಮಕ್ಕಳಿಗೆ ಸೇರಿಲ್ಲ? 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಸುಮಾರು 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕ ಇಲ್ಲ. 19ಕ್ಕೂ ಹೆಚ್ಚು ಮಕ್ಕಳು ಎತ್ತರಕ್ಕೂ ತಕ್ಕ ತೂಕ ಇಲ್ಲದೆ ಸೊರಗಿದ್ದಾರೆ. 65 ಮಕ್ಕಳಿಗೆ ರಕ್ತ ಕಮ್ಮಿ. ಇದು ಎಲ್ಲ ಜಾತಿ ಸೇರಿಸಿದ ಲೆಕ್ಕ. ಜಾತಿವಾರು ಬಿಡಿಸಿದ್ರೆ ನಮ್ಮ ಮತ್ತು ಆದಿವಾಸಿಗಳ ಮಕ್ಕಳ ಪಾಲು ಇನ್ನೂ ಮೇಲಿರುತ್ತೆ. ಬೆಂಗಳೂರಲ್ಲಿ ಗಾಜಿನ ಕಟ್ಟಡ ಏಳಿಸಿದ ರಾಜ್ಯದ ಕತೆ ಇದು.

ನಿಮ್ಮಲ್ಲಿ ಯಾರಾದರೂ ಕೇಳಬಹುದು: ‘ಅಣ್ಣ, ಈಗ ಯಾರು ಹಸಿದು ಸಾಯ್ತಾರೆ? 2013ರಿಂದ ಅನ್ನಭಾಗ್ಯದ ಅಕ್ಕಿ ಬರ್ತಾ ಇದೆಯಲ್ಲ?’ ಸರಿಯಾದ ಪ್ರಶ್ನೆ. ಆ ಅಕ್ಕಿಯನ್ನ ನಾನು ಹೀಯಾಳಿಸೋದಿಲ್ಲ. ನಮ್ಮವ್ವ ಒಂದು ಸೇರು ಹಿಟ್ಟಿಗೆ ಉಳ್ಳವರ ಹಿತ್ತಿಲಲ್ಲಿ ನಿಂತದ್ದನ್ನ ನೋಡಿದ್ದೀನಿ. ಆ ನಿಲ್ಲೋದನ್ನ ತಪ್ಪಿಸಿದ್ದು ಆ ಅಕ್ಕಿ. ಆದ್ರೆ ದೊಡ್ಡವರ ಹಸಿವು ಬೇರೆ, ಎಳೆ ಮಗುವಿನ ಹಸಿವು ಬೇರೆ. ಇದನ್ನ ನಾವು ತಿಳ್ಕೋಬೇಕು.

ಒಂದು ವರ್ಷದ ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು. ಒಂದೇ ಸಲಕ್ಕೆ ಜಾಸ್ತಿ ತಿನ್ನೋಕಾಗಲ್ಲ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ, ಮೆತ್ತಗೆ ಕಿವುಚಿ, ಕೂತು ತಿನ್ನಿಸಬೇಕು. ಬರೀ ಅನ್ನದ ಗಂಜಿ ಸಾಲದು. ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ, ಮೀನು, ಬಾಡು, ಏನಾದರೂ ಕೂಡಬೇಕು. ಈಗ ನಮ್ಮ ತಂಗಿಯ ದಿನ ನೋಡಿ. ಬೆಳಿಗ್ಗೆ ಏಳಕ್ಕೆ ಹಿಪ್ಪುನೇರಳೆ ತೋಟದ ಕೂಲಿಗೆ ಹೋಗ್ತಾಳೆ. ಬರೋದು ಸಂಜೆ ಐದಕ್ಕೆ. ಮಗು ಇರೋದು ಅಜ್ಜಿ ಹತ್ತಿರ. ಅಜ್ಜಿಗೆ ಕಣ್ಣು ಮಂಜು. ಮಗು ಅತ್ತಾಗ ಕೈಗೆ ಹತ್ತು ರೂಪಾಯಿಯ ಕುರುಕಲು ಪೊಟ್ಟಣ. ಹೊಟ್ಟೆ ಉಬ್ಬರಿಸುತ್ತೆ, ಅಳು ನಿಲ್ಲುತ್ತೆ. ಮಗು ಉಣ್ಣೋದು ಬೆಳಿಗ್ಗೆ ಒಂದ್ಸಲ, ರಾತ್ರಿ ನಿದ್ದೆಗಣ್ಣಲ್ಲಿ ಒಂದ್ಸಲ. ಮನೇಲಿ ಅಕ್ಕಿ ಮೂಟೆ ಇದೆ. ಮಗು ಹಸಿದಿದೆ. ಎರಡೂ ನಿಜ.

ಇದರಲ್ಲಿ ತಂಗಿಯ ತಪ್ಪೇನು? ಒಂದು ದಿನ ಕೂಲಿ ಬಿಟ್ರೆ ಒಂದು ದಿನದ ಬೇಳೆ ಹೋಯ್ತು. ಅವಳೂ ಚಿಕ್ಕಂದಿನಲ್ಲಿ ಇದೇ ಹಸಿವು ಉಂಡವಳು. ಬಸುರಿಯಾಗಿದ್ದಾಗ ಅವಳ ತೂಕ ಕಮ್ಮಿ, ರಕ್ತ ಕಮ್ಮಿ. ಹುಟ್ಟಿದ ಮಗುವಿನ ತೂಕವೂ ಕಮ್ಮಿ. ಗರ್ಭದಿಂದ ಹಿಡಿದು ಎರಡು ವರ್ಷ ತುಂಬುವವರೆಗಿನ ಸಾವಿರ ದಿನದಲ್ಲಿ ಕಳೆದುಕೊಂಡದ್ದನ್ನ ಆಮೇಲೆ ಎಷ್ಟು ಉಣ್ಣಿಸಿದರೂ ಪೂರಾ ತುಂಬಿಸೋದು ಕಷ್ಟ. ಮಿದುಳು ಬೆಳೆಯೋದೂ ಆ ದಿನಗಳಲ್ಲೇ. ನಾಳೆ ಆ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ ‘ಇವಕ್ಕೆ ವಿದ್ಯೆ ಹತ್ತಲ್ಲ’ ಅಂತಾರೆ. ಮೀಸಲಾತಿ ಬೈಯೋರು ಹುಡುಕೋ ‘ಯೋಗ್ಯತೆ’ ಇದೆಯಲ್ಲ, ಅದರ ಅರ್ಧ ಕತ್ತು ಅಲ್ಲೇ, ತೊಟ್ಟಿಲಲ್ಲೇ, ಹಿಸುಕಿ ಆಗಿರುತ್ತೆ.

ಹಸಿವಿಗೆ ಜಾತಿ ಇಲ್ಲ ಅಂತ ಕೆಲವರು ಹೇಳ್ತಾರೆ. ಬಾಬಾಸಾಹೇಬರ ಬಾಲ್ಯ ಓದಿ. 1901ನೇ ಇಸವಿ. ಅವರ ತಂದೆ ಗೋರೆಗಾಂವ್ ಅನ್ನೋ ಊರಲ್ಲಿ ಕ್ಯಾಷಿಯರ್. ಯಾವ ಕೆಲಸಕ್ಕೆ? ಬರಗಾಲದಲ್ಲಿ ಸಾಯ್ತಾ ಇದ್ದ ಜನಕ್ಕೆ ಕೂಲಿ ಕೊಡೋಕೆ ಸರ್ಕಾರ ಕೆರೆ ತೋಡಿಸ್ತಾ ಇತ್ತು, ಆ ಕೆಲಸಕ್ಕೆ. ತಂದೆಯನ್ನ ನೋಡೋಕೆ ಸಾತಾರಾದಿಂದ ಮಕ್ಕಳು ಹೊರಟರು. ಬಾಲಕ ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು ಗಾಡಿ ಹೊಡೆದುಕೊಂಡು ಹೋಗಬೇಕಾಯ್ತು. ರಾತ್ರಿ ಆಯ್ತು. ಜೊತೆಗೆ ಬುತ್ತಿ ಬೇಕಾದಷ್ಟಿತ್ತು. ಕುಡಿಯೋಕೆ ಒಂದು ತೊಟ್ಟು ನೀರು ಯಾರೂ ಕೊಡಲಿಲ್ಲ. ನೀರಿಲ್ಲದೆ ಬುತ್ತಿ ಗಂಟಲಲ್ಲಿ ಇಳಿಯಲಿಲ್ಲ. ಮಕ್ಕಳು ಊಟ ಪಕ್ಕದಲ್ಲಿಟ್ಟುಕೊಂಡೇ ಉಪವಾಸ ಮಲಗಿದರು. ತಂದೆಗೆ ಸರ್ಕಾರಿ ಕೆಲಸ ಇತ್ತು, ದುಡ್ಡಿತ್ತು, ಬುತ್ತಿ ಇತ್ತು. ಇಷ್ಟಿದ್ದೂ ಹಸಿವು. ಇದಕ್ಕೆ ಬಡತನ ಒಂದೇ ಕಾರಣ ಅಂತ ಹೇಳೋಕಾಗುತ್ತಾ?

ಅದು ಹಳೇ ಕತೆ ಅನ್ನಬೇಡಿ. 2015ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ದಲಿತ ಹೆಣ್ಣುಮಗಳು ಬಿಸಿಯೂಟ ಬೇಯಿಸ್ತಾಳೆ ಅನ್ನೋ ಕಾರಣಕ್ಕೆ ಹೆಚ್ಚಿನ ಮಕ್ಕಳನ್ನ ಬಿಡಿಸಿಕೊಂಡು ಹೋದರು ಅಂತ ಪತ್ರಿಕೆಗಳಲ್ಲಿ ಬಂತು. ಬಿಸಿಯೂಟದ ಅಡುಗೆ ಕೆಲಸದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ವರ್ಗದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲೇ ಹೇಳಿತ್ತು. ಕಾನೂನು ಒಲೆ ಹತ್ತಿರದವರೆಗೆ ಬಂತು. ಊರವರ ಮನಸ್ಸು ಅಲ್ಲಿಂದ ತಟ್ಟೆ ಎತ್ತಿಕೊಂಡು ಹೋಯ್ತು.

ಈ ಬಿಸಿಯೂಟವಾದರೂ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಪಕ್ಕದ ಮದರಾಸಿನಲ್ಲಿ 1920ರಲ್ಲೇ, ಪಿ. ತ್ಯಾಗರಾಯ ಚೆಟ್ಟಿಯವರು ನಗರಸಭೆಯ ಮುಖ್ಯಸ್ಥರಾಗಿದ್ದಾಗ, ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ಊಟ ಶುರುವಾಯ್ತು. 1956ರಲ್ಲಿ ಕಾಮರಾಜ್, 1982ರಲ್ಲಿ ಎಂ.ಜಿ.ಆರ್. ಅದನ್ನ ದೊಡ್ಡದು ಮಾಡಿದರು. ನಮ್ಮಲ್ಲಿ? 1995ರಲ್ಲಿ ಕೇಂದ್ರದ ಯೋಜನೆ ಬಂತು, ಆದರೆ ಅನ್ನ ಬೇಯಲಿಲ್ಲ. ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಟ್ಟು ಕಳಿಸ್ತಿದ್ದರು. ಅದು ಮನೆಯ ಮಡಕೆಗೆ ಬಿದ್ದು ಆರೇಳು ಜನಕ್ಕೆ ಹಂಚಿ ಹೋಗ್ತಿತ್ತು. 2001ರಲ್ಲಿ ರಾಜಸ್ಥಾನದಲ್ಲಿ ಜನ ಹಸಿದಿದ್ದಾಗ ಸರ್ಕಾರಿ ಗೋದಾಮಿನಲ್ಲಿ ಧಾನ್ಯ ತುಂಬಿ ತುಳುಕ್ತಾ ಇತ್ತು. ಪಿಯುಸಿಎಲ್ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷ ನವೆಂಬರ್ 28ರಂದು ಕೋರ್ಟು ಹೇಳಿತು: ಬೇಯಿಸಿದ ಊಟವನ್ನೇ ಕೊಡಿ, ವರ್ಷಕ್ಕೆ ಕನಿಷ್ಠ 200 ದಿನ ಕೊಡಿ. ಅದಾದ ಮೇಲೆ 2002ರಲ್ಲಿ ಕರ್ನಾಟಕದ ಏಳು ಜಿಲ್ಲೆಗಳಲ್ಲಿ, 2003ರಲ್ಲಿ ಉಳಿದ ಕಡೆ ಅಕ್ಷರ ದಾಸೋಹ ಬಂತು. ನಾನು ಆ ಅನ್ನ ಉಂಡೇ ಅಕ್ಷರ ಕಲಿತವನು. ಕೋರ್ಟಿಗೆ ಅಲೆದವರ ಋಣ ನನ್ನ ಮೈಯಲ್ಲಿದೆ.

ಇನ್ನು ಮೊಟ್ಟೆ ವಿಷಯ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು. ಅದಕ್ಕೆ ನೀರು ಬೆರೆಸೋಕಾಗಲ್ಲ, ಸಾರಿನ ಹಾಗೆ ತೆಳ್ಳಗೆ ಮಾಡೋಕಾಗಲ್ಲ. ಮಗುವಿನ ಕೈಗೆ ಒಂದು ಬಂದ್ರೆ ಒಂದು. ಹಳ್ಳಿಯ ಯಾವ ಮುದುಕಿಯಾದರೂ ಎಣಿಸಿ ಲೆಕ್ಕ ಕೇಳಬಹುದು. ಇಂಥ ಮೊಟ್ಟೆ ಕೊಡ್ತೀವಿ ಅಂತ 2007ರಲ್ಲಿ ಮಾತು ಬಂದಾಗ ವಿರೋಧಕ್ಕೆ ಹೆದರಿ ಕೈಬಿಟ್ಟರು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರು ಮಾಡಿದಾಗ ಕೆಲವು ಮಠಾಧಿಪತಿಗಳು ಮತ್ತೆ ವಿರೋಧಿಸಿದರು. ಬೇಡವಾದ ಮಕ್ಕಳಿಗೆ ಬಾಳೆಹಣ್ಣು ಇಟ್ಟಿದ್ದರೂ ವಿರೋಧಿಸಿದರು. ಆಗ ಎದ್ದು ನಿಂತವರು ಯಾರು? ಆ ಭಾಗದ ಶಾಲೆಯ ಹುಡುಗಿಯರು. ನಮಗೆ ಮೊಟ್ಟೆ ಬೇಕು, ತಡೆಯೋಕೆ ನೀವ್ಯಾರು ಅಂತ ಕೇಳಿದರು. ಮುಂದಿನ ವರ್ಷಗಳಲ್ಲಿ ಅದು ಇಡೀ ರಾಜ್ಯಕ್ಕೆ ಬಂತು. 2024ರ ಸೆಪ್ಟೆಂಬರಿನಿಂದ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ, ವಾರಕ್ಕೆ ಆರು ದಿನ ಆಯ್ತು. ಸಣ್ಣ ಹುಡುಗಿಯರು ಬಾಯಿ ಬಿಟ್ಟದ್ದರ ಬೆಲೆ ಇದರಲ್ಲಿ ಸೇರಿದೆ.

ಇನ್ನೊಂದು ಮಾತು ಅಂಜಿಕೆಯಿಲ್ಲದೆ ಹೇಳಬೇಕು. ನಮ್ಮ ಕೇರಿಯ ಮಕ್ಕಳಿಗೆ ಕಮ್ಮಿ ದುಡ್ಡಿಗೆ ಸಿಗ್ತಾ ಇದ್ದ ಸತ್ವದ ಊಟ ದೊಡ್ಡ ಬಾಡು. ಅದನ್ನ ತಿಂದದ್ದಕ್ಕೇ ನಮ್ಮನ್ನ ಹೊರಗಿಟ್ಟರು. 2020ರ ಜಾನುವಾರು ಕಾಯ್ದೆಯ ನಂತರ ಅದೂ ತುಟ್ಟಿ, ಅದಕ್ಕೂ ಭಯ. ನಮ್ಮ ತಟ್ಟೆಯಿಂದ ಒಂದು ತೆಗೆಯುವವರು ಅದರ ಜಾಗದಲ್ಲಿ ಇನ್ನೇನು ಇಡ್ತೀವಿ ಅಂತ ಹೇಳಬೇಕಲ್ಲವಾ? ಯಾರೂ ಹೇಳಲಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಘೋಷಣೆ ಕೂಗೋದು ನಮಗೆ ಗೊತ್ತು. ಗಂಟಲು ನಮ್ಮದು ಚೆನ್ನಾಗಿದೆ. ಈ ರಜೆಗೆ ನೀವೆಲ್ಲ ಊರಿಗೆ ಹೋಗ್ತೀರಿ. ನಾನು ಕೇಳೋದು ನಾಲ್ಕೇ ನಾಲ್ಕು.

ಒಂದು. ನಿಮ್ಮ ಕೇರಿಯ ಆರು ವರ್ಷದೊಳಗಿನ ಮಕ್ಕಳ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೆಸರು, ವಯಸ್ಸು, ತೂಕ, ತೋಳಿನ ಅಳತೆ. ಅಂಗನವಾಡಿ ಅಕ್ಕನನ್ನ ಜೊತೆಗೆ ಕರ್ಕೊಳ್ಳಿ. ಅವರ ಮೇಲೆ ರೇಗಬೇಡಿ. ಕಮ್ಮಿ ಗೌರವಧನಕ್ಕೆ ಹತ್ತೆಂಟು ಇಲಾಖೆಯ ಕೆಲಸ ಹೊತ್ತ ಹೆಣ್ಣುಮಕ್ಕಳು ಅವರು. ತೋಳು ಹಳದಿಗೆ ಬಂದ ಮಗುವಿಗೆ ಹೆಚ್ಚಿನ ಆಹಾರ ಸಿಗ್ತಾ ಇದೆಯಾ ಕೇಳಿ. ಕೆಂಪಿಗೆ ಬಂದ್ರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಮಗುವನ್ನ ಇಟ್ಟುಕೊಂಡು ನೋಡ್ತಾರೆ. ಜೊತೆಗಿರೋ ತಾಯಿಯ ಕೂಲಿ ನಷ್ಟಕ್ಕೆ ಭತ್ಯೆ ಇದೆ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಹೋಗೋದೇ ಇಲ್ಲ.

ಎರಡು. ಅಂಗನವಾಡಿ ಎಲ್ಲಿದೆ ನೋಡಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಶುರುವಾದದ್ದು ತಿರುಮಕೂಡಲು ನರಸೀಪುರದಲ್ಲಿ. ಐವತ್ತು ವರ್ಷ ಆಯ್ತು. ಇನ್ನೂ ಎಷ್ಟೋ ಊರಲ್ಲಿ ಅದು ಇರೋದು ಮೇಲಿನ ಬೀದಿಯಲ್ಲಿ, ನಮ್ಮ ಮಗು ಕಾಲಿಡೋಕೆ ಅಂಜೋ ಜಾಗದಲ್ಲಿ. ಅಂಗನವಾಡಿ ಇಲ್ಲದ ವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು, ಪರಿಶಿಷ್ಟರ ಕೇರಿಗಳಿಗೆ ಮೊದಲ ಆದ್ಯತೆ ಕೊಡಬೇಕು ಅಂತ 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಆದೇಶ ಮಾಡಿದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ನಲವತ್ತು ಹೆಸರು ತುಂಬಿದ್ರೆ ಅದೇ ನಿಮ್ಮ ಅರ್ಜಿ.

ಮೂರು. ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯ್ತಿಯಲ್ಲಿ ‘ಕೂಸಿನ ಮನೆ’ ಅಂತ 2023ರಿಂದ ಬಂದಿದೆ. ನಿಮ್ಮ ಪಂಚಾಯ್ತಿಯಲ್ಲಿ ಅದು ತೆರೆದಿದೆಯಾ, ಬಾಗಿಲಿಗೆ ಬೀಗ ಇದೆಯಾ, ಕೇರಿಯ ಕೂಸು ಅಲ್ಲಿದೆಯಾ ನೋಡಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಒಬ್ಬರೇ ಕೇಳಬೇಡಿ, ನಿಮ್ಮ ಅವ್ವನನ್ನ, ಅಕ್ಕನನ್ನ ಕರ್ಕೊಂಡು ಹೋಗಿ ಕೇಳಿ.

ನಾಲ್ಕು. ಬಿಸಿಯೂಟದ ಹೊತ್ತಿಗೆ ಶಾಲೆಗೆ ಹೋಗಿ ನಿಂತುಕೊಳ್ಳಿ. ಸಾಲು ಒಂದೇ ಇದೆಯಾ? ತಟ್ಟೆ ಒಂದೇ ಇದೆಯಾ? ಮೊಟ್ಟೆ ಎಣಿಕೆ ಸರಿ ಇದೆಯಾ? ಬಡಿಸೋ ಸೌಟು ಕೇರಿಯ ಮಗುವಿನ ತಟ್ಟೆ ಹತ್ತಿರ ಬಂದಾಗ ಮೇಲಕ್ಕೆ ಏಳುತ್ತಾ? ನಾನು ಓದಿದ ಶಾಲೆಯಲ್ಲಿ ಏಳ್ತಾ ಇತ್ತು. ಮುಟ್ಟಬಾರದು ಅಂತ ಎತ್ತರದಿಂದ ಸುರೀತಿದ್ದರು. ಸಾರು ಕಾಲ ಮೇಲೆ ಚೆಲ್ಲೋದು. ನಾವು ಸುಮ್ಮನೆ ಒರೆಸಿಕೊಳ್ತಿದ್ದೆವು.

ಕೊನೆಯ ಮಾತು, ಕಷ್ಟದ ಮಾತು. ಈ ಕೆಲಸದಲ್ಲಿ ನಮಗೆ ಮೊದಲು ಎದುರು ನಿಲ್ಲೋರು ಮೇಲಿನವರಲ್ಲ, ನಮ್ಮವರೇ. ‘ನಮ್ಮ ಮಗು ಹಸಿದಿದೆ ಅಂತ ಊರಿಗೆಲ್ಲ ಸಾರ್ತೀಯಾ, ಮಾನ ಕಳೀತೀಯಾ’ ಅಂತಾರೆ. ನನ್ನ ತಂಗಿ ಹಂಗೇ ಅಂದಳು. ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಸಿಟ್ಟು ನನಗೆ ಅರ್ಥ ಆಯ್ತು. ಉಣ್ಣಿಸೋ ಕೈಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ನಾಲ್ಕನೇ ದಿನ ಅವಳ ಪಕ್ಕ ಕೂತು ಹೇಳಿದೆ: ‘ತಪ್ಪು ನಿನ್ನದಲ್ಲ ಕಣವ್ವ. ನಿನ್ನ ಕೂಲಿ ಕಮ್ಮಿ ಮಾಡಿದವನದು, ಅಂಗನವಾಡಿನ ಅಷ್ಟು ದೂರ ಇಟ್ಟವನದು, ಹಾಸ್ಟೆಲಿನಲ್ಲಿ ಉಂಡು ನಿನ್ನ ಮರೆತ ನನ್ನದು.’ ಆಮೇಲೆ ಅವಳೇ ಮಗುವನ್ನ ಎತ್ತಿಕೊಂಡು ತೂಕಕ್ಕೆ ಬಂದಳು. ಈಗ ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗ್ತಾಳೆ. ಮಗು ಮೂರು ತಿಂಗಳಲ್ಲಿ ಸ್ವಲ್ಪ ಕಚ್ಚಿಕೊಂಡಿದೆ. ಹಸಿರಿಗೆ ಇನ್ನೂ ಬಂದಿಲ್ಲ.

ಹಾಗಾಗಿ ಹೋದ ಕಡೆ ಉಪದೇಶ ಮಾಡಬೇಡಿ. ತಾಯಂದಿರಿಗೆ ‘ಹಂಗೆ ಉಣ್ಣಿಸು ಹಿಂಗೆ ಉಣ್ಣಿಸು’ ಅಂತ ಪಾಠ ಹೇಳೋಕೆ ಇಲಾಖೆ ಭಿತ್ತಿಪತ್ರ ಬೇಕಾದಷ್ಟಿದೆ. ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಆಮೇಲೆ ಬರೆದುಕೊಳ್ಳಿ. ಆಮೇಲೆ ಜೊತೆಗೆ ನಡೆಯಿರಿ.

ಗಂಟೆ ಹೊಡೀತು. ಇವತ್ತು ತಟ್ಟೆಯಲ್ಲಿ ಅನ್ನ ಬಿಟ್ಟು ಏಳೋರು ಒಂದು ನಿಮಿಷ ನಿಮ್ಮ ಮನೆಯ ಸಣ್ಣ ಮಗುವಿನ ತೋಳು ನೆನೆಸಿಕೊಳ್ಳಿ. ರಜೆ ಮುಗಿಸಿ ಬರುವಾಗ ಆ ನೋಟ್‌ಬುಕ್ ತನ್ನಿ. ಮುಂದಿನ ಸಭೆಯಲ್ಲಿ ಭಾಷಣ ಬೇಡ, ನಿಮ್ಮ ನಿಮ್ಮ ಕೇರಿಯ ಹೆಸರುಗಳನ್ನ ಒಂದೊಂದಾಗಿ ಓದೋಣ. ನನ್ನ ನೋಟ್‌ಬುಕ್ಕಿನಲ್ಲಿ ಈವರೆಗೆ ಇಪ್ಪತ್ತೇಳು ಹೆಸರಿದೆ. ಮೊದಲನೆಯದು ನನ್ನ ತಂಗಿಯ ಮಗಳದು.

ಬನ್ನಿ, ಊಟಕ್ಕೆ ಹೋಗೋಣ. ಜೈ ಭೀಮ್.